ಗಾಡಿ ನಿಂತಿದೆ, ಮಗು ಎಲ್ಲಿದೆ?

ಈದ್‌ನ ಮರುದಿನ ಅರಸೀಕೆರೆ ಕಡೆಯ ಕುಟುಂಬಗಳು ಬುತ್ತಿ ಕಟ್ಟಿಕೊಂಡು ಹಳೇಬೀಡಿನ ಕೆರೆಗೋ ಬೇಲೂರಿನ ಯಗಚಿ ಅಣೆಕಟ್ಟೆಗೋ ಹೊರಡುವುದುಂಟು. ದೊಡ್ಡವರು ಗಾಡಿಯ ನೆರಳಲ್ಲಿ ಚಾಪೆ ಹಾಸಿ ಬಿರಿಯಾನಿ ಬಡಿಸುವಾಗ ಮಕ್ಕಳು ಅದೇ ಗಾಡಿಯ ಹಿಂದೆ ಕಣ್ಣಾಮುಚ್ಚಾಲೆ ಆಡುತ್ತಾರೆ. ‘ಹತ್ತು ಜನ ಇದ್ದೇವಲ್ಲ’ ಎಂದು ಎಲ್ಲರೂ ನಂಬಿದಾಗ ಯಾರ ಕಣ್ಣೂ ಮಗುವಿನ ಮೇಲಿರುವುದಿಲ್ಲ.

ಗಾಡಿಯ ಹಿಂದೆ ಕುಳಿತ ಪುಟ್ಟ ಮಗು ಚಾಲಕನ ಕನ್ನಡಿಯಲ್ಲಿ ಕಾಣದು. ಅಡಗಿಕೊಳ್ಳಲು ಕಾರು ಹತ್ತಿದ ಮಗು ಒಳಗೇ ಸಿಕ್ಕಿಕೊಳ್ಳಬಹುದು. ಬಿಸಿಲಲ್ಲಿ ಮುಚ್ಚಿದ ಕಾರಿನೊಳಗೆ 10 ನಿಮಿಷಕ್ಕೆ ಶಾಖ ಸುಮಾರು 10 ಡಿಗ್ರಿ ಏರುತ್ತದೆ. ಮಗುವಿನ ಮೈ ದೊಡ್ಡವರಿಗಿಂತ ಬೇಗ ಕಾಯುತ್ತದೆ. ಇಳಿದ ಕೂಡಲೇ ಬೀಗ ಹಾಕಿ.

ಸೈಲೆನ್ಸರ್ ತಾಗಿ ಸುಟ್ಟರೆ 20 ನಿಮಿಷ ತಣ್ಣೀರು ಹರಿಸಿ. ಟೂತ್‌ಪೇಸ್ಟ್ ಬೇಡ, ನಮ್ಮ ಯುನಾನಿ ಮುಲಾಮೂ ಆಗ ಬೇಡ. ಗಾಡಿ ತಗುಲಿದ ಮಗು ಎದ್ದು ಓಡಾಡಿದರೂ ಒಳಗೆ ರಕ್ತ ಸೋರುತ್ತಿರಬಹುದು. ಏನೂ ಕುಡಿಸದೆ, ಎಳೆದಾಡದೆ 108ಕ್ಕೆ ಕರೆ ಮಾಡಿ.

ಊಟದ ಹೊತ್ತಿನಲ್ಲೂ ಮಕ್ಕಳನ್ನು ನೋಡಿಕೊಳ್ಳಲು ಒಬ್ಬರಿಗೆ ಹೆಸರು ಹೇಳಿ ಒಪ್ಪಿಸಿ. ಹೊರಡುವಾಗ ಮಕ್ಕಳನ್ನು ಎಣಿಸಿ, ಗಾಡಿಗೆ ಒಂದು ಸುತ್ತು ಬನ್ನಿ; ಆಮೇಲೆ ಪ್ರಯಾಣದ ದುಆ ಓದಿ ಇಂಜಿನ್ ಚಾಲೂ ಮಾಡಿ. ತವಕ್ಕುಲ್ ಎಂದರೆ ಎಚ್ಚರ ಬಿಡುವುದಲ್ಲ. ಮಕ್ಕಳು ಅಲ್ಲಾಹನು ನಮ್ಮ ಕೈಗಿತ್ತ ಅಮಾನತ್.