ರಾಗಿಗೆ ಮನೆ ಬೀಜ ಸಾಕು, ಮುಸುಕಿನ ಜೋಳಕ್ಕೆ ಯಾಕೆ ಸಾಲದು?

ರಾಗಿ ಬೆಳೆಯುವವರು ಒಳ್ಳೆಯ ತೆನೆ ಆರಿಸಿ ಬೀಜಕ್ಕೆಂದು ಎತ್ತಿಡುತ್ತಾರೆ. ಮುಂದಿನ ವರ್ಷ ಅದನ್ನೇ ಬಿತ್ತುತ್ತಾರೆ. ಬೆಳೆ ಹಿಂದಿನಂತೆಯೇ ಬರುತ್ತದೆ. ಹೈಬ್ರಿಡ್ ಮುಸುಕಿನ ಜೋಳದಲ್ಲಿ ಹೀಗೆ ಮಾಡಿದರೆ ಏನಾಗುತ್ತದೆ? ಒಂದು ಗಿಡ ಎತ್ತರ, ಪಕ್ಕದ್ದು ಕುಳ್ಳು. ಒಂದು ತೆನೆ ದಪ್ಪ, ಇನ್ನೊಂದರಲ್ಲಿ ಅರ್ಧ ಕಾಳಿಲ್ಲ. ಮಳೆ, ಗೊಬ್ಬರ ಸರಿಯಿದ್ದರೂ ಇಳುವರಿ ಇಳಿಯುತ್ತದೆ. "ನೆಲಾನೇ ಕೆಟ್ಟೋಯ್ತು" ಅಂತ ಕೆಲವರು ಅಂದುಕೊಳ್ಳುತ್ತಾರೆ. ನೆಲದ ತಪ್ಪಲ್ಲ. ಇದು ಗಿಡಗಳ ಸಂಬಂಧದ ವಿಷಯ. (ಮುಸುಕಿನ ಜೋಳಕ್ಕೆ ಕೆಲವು ಕಡೆ ಗೋವಿನ ಜೋಳ, ಮೆಕ್ಕೆಜೋಳ ಅಂತಲೂ ಹೆಸರಿದೆ.)

ಮೊದಲು ಹೂವನ್ನು ನೋಡೋಣ.

ರಾಗಿ ಹೂವು ಬಹಳ ಚಿಕ್ಕದು. ಗಂಡು ಭಾಗ, ಹೆಣ್ಣು ಭಾಗ ಎರಡೂ ಒಂದೇ ಹೂವಿನಲ್ಲಿವೆ. ಅದರ ಪರಾಗ, ಅಂದರೆ ಹೂವಿನ ಪುಡಿ, ಅದೇ ಹೂವಿನ ಮೇಲೆ ಬೀಳುತ್ತದೆ. ಬೇರೆ ಗಿಡದ ಪರಾಗ ಸೇರುವುದು ಬಲು ಅಪರೂಪ.

ಮುಸುಕಿನ ಜೋಳದ ರೀತಿ ಬೇರೆ. ಗಿಡದ ತುದಿಯಲ್ಲಿ ತುರಾಯಿಯಂತೆ ಕಾಣುವುದು ಗಂಡು ಹೂ. ತೆನೆಯ ಬಾಯಲ್ಲಿ ರೇಷ್ಮೆ ಎಳೆಯಂತೆ ಇಳಿಬಿದ್ದಿರುವುದು ಹೆಣ್ಣು ಹೂವಿನ ಭಾಗ. ಗಾಳಿ ಬೀಸಿದಾಗ ಒಂದು ಗಿಡದ ಪರಾಗ ಹಾರಿ ಇನ್ನೊಂದು ಗಿಡದ ಎಳೆಗೆ ಅಂಟುತ್ತದೆ. ಒಂದು ಎಳೆಗೆ ಒಂದು ಕಾಳು. ಹಾಗಾಗಿ ಒಂದೇ ತೆನೆಯ ಕಾಳುಗಳಿಗೆ ತಾಯಿ ಒಂದೇ ಆದರೂ ತಂದೆಯರು ಹಲವರು.

ಪ್ರತಿ ಕಾಳಿಗೂ ತಾಯಿಯಿಂದ ಒಂದು ಪಾಲು ಗುಣ, ತಂದೆಯಿಂದ ಒಂದು ಪಾಲು ಗುಣ ಬರುತ್ತದೆ. ತಾಯಿಯ ಪಾಲಿನಲ್ಲಿ ಒಂದು ಕುಂದು ಇದೆ ಅನ್ನಿ. ತಂದೆಯ ಪಾಲು ಚೆನ್ನಾಗಿದ್ದರೆ ಆ ಕುಂದು ಅಡಗಿಯೇ ಇರುತ್ತದೆ. ತಂದೆ ತಾಯಿ ಹತ್ತಿರದ ಸಂಬಂಧಿಗಳಾದರೆ ಇಬ್ಬರಲ್ಲೂ ಅದೇ ಕುಂದು ಇರಬಹುದು. ಎರಡೂ ಒಟ್ಟಿಗೆ ಸೇರಿದರೆ ಕುಂದು ಹೊರಬೀಳುತ್ತದೆ. ಅಕ್ಕನ ಮಗಳು, ಸೋದರಮಾವನ ಮಗಳನ್ನು ಮದುವೆಯಾದರೆ ಮಗುವಿಗೆ ಹುಟ್ಟು ಕಾಯಿಲೆ ಬರುವ ಸಂಭವ ಹೆಚ್ಚು ಅಂತ ಡಾಕ್ಟರು ಹೇಳುವುದೂ ಇದಕ್ಕೇ. ಕುರಿ ಸಾಕುವವರಿಗೆ ಇದು ಹೊಸದಲ್ಲ. ಅವರು ಮಂದೆಯ ಟಗರನ್ನು ಆಗಾಗ ಬದಲಾಯಿಸುತ್ತಾರೆ.

ಹಾಗಾದರೆ ರಾಗಿ ಯಾಕೆ ಕೆಡಲಿಲ್ಲ? ಅದು ಸಾವಿರಾರು ವರ್ಷಗಳಿಂದ ತನ್ನೊಳಗೇ ಕೂಡಿಕೊಂಡು ಬಂದಿದೆ. ಕುಂದು ಹೊರಬಿದ್ದ ಗಿಡಗಳು ಹಿಂದೆಯೇ ಅಳಿದವು. ಗಟ್ಟಿಯಾದವು ಉಳಿದವು. ಆದರೆ ಅದರಿಂದ ಇನ್ನೊಂದು ತೊಡಕು. ರಾಗಿಗೆ ಹೊಸ ಗುಣ ತಾನಾಗಿ ಬರುವುದು ಕಷ್ಟ. ಯಾರಾದರೂ ತಂದು ಸೇರಿಸಬೇಕು. ಮಂಡ್ಯದ ವಿ.ಸಿ. ಫಾರಂನಲ್ಲಿ ಆ ಕೆಲಸ ಮಾಡಿದವರು ಲಕ್ಷ್ಮಣಯ್ಯನವರು. ಜನ ಅವರನ್ನು "ರಾಗಿ ಲಕ್ಷ್ಮಣಯ್ಯ" ಅಂತಲೇ ಕರೆದರು. ಅವರು ನಮ್ಮ ದೇಶದ ರಾಗಿಗೆ ಆಫ್ರಿಕಾದ ರಾಗಿಯನ್ನು ಕೂಡಿಸಿದರು. ಅಷ್ಟು ಸಣ್ಣ ಹೂವಿನಲ್ಲಿ ಈ ಕೆಲಸ ಮಾಡಲು ಎಂಥ ತಾಳ್ಮೆ ಬೇಕು, ಯೋಚಿಸಿ! ಹೀಗೆ ಬಂದವೇ ಇಂಡಾಫ್ ತಳಿಗಳು. ಇಂಡಿಯಾದ "ಇಂಡ್", ಆಫ್ರಿಕಾದ "ಆಫ್". ಕೂಡಿಸಿದ ಮೇಲೆ ಹಲವು ತಲೆಮಾರು ಅದನ್ನು ತನ್ನೊಳಗೇ ಬೆಳೆಸಿ, ಒಳ್ಳೆಯ ಗಿಡ ಆರಿಸಿದರು. ಆಗ ಗುಣ ಗಟ್ಟಿಯಾಗಿ ನಿಂತಿತು. ಅದಕ್ಕೇ ರೈತರು ಅದರ ಬೀಜವನ್ನು ಮನೆಯಲ್ಲೇ ಇಟ್ಟುಕೊಳ್ಳಲು ಆಯಿತು. ಒಳಸಂಬಂಧದ ಲಾಭ ಇದು.

ಮುಸುಕಿನ ಜೋಳದಲ್ಲಿ ಈ ಲಾಭವನ್ನು ಪಡೆಯುವ ದಾರಿ ಸುತ್ತುಬಳಸು. ಅಮೆರಿಕದಲ್ಲಿ ಜಾರ್ಜ್ ಶಲ್ ಎಂಬ ವಿಜ್ಞಾನಿ ಇದ್ದರು. ಅವರು ಒಂದು ಗಿಡದ ಪರಾಗವನ್ನು ಅದೇ ಗಿಡದ ತೆನೆಗೆ ಹಾಕಿದರು. ವರ್ಷ ವರ್ಷವೂ ಹೀಗೇ ಮಾಡಿದರು. ಗಿಡಗಳು ಕುಳ್ಳಾದವು, ತೆನೆ ಸಣ್ಣದಾಯಿತು. ಆದರೆ ಒಂದು ಸಾಲಿನ ಗಿಡಗಳೆಲ್ಲ ಒಂದೇ ತರಹ ಆದವು. ಇಂಥದ್ದಕ್ಕೆ ಒಳತಳಿ ಎನ್ನುತ್ತಾರೆ. ಬೇರೆ ಬೇರೆ ಎರಡು ಒಳತಳಿಗಳನ್ನು ಕೂಡಿಸಿದಾಗ ಹುಟ್ಟಿದ ಗಿಡ ಹುರುಪಾಗಿ ಎದ್ದು ನಿಂತಿತು. ಇದರ ಕುಂದನ್ನು ಅದು ಮುಚ್ಚಿತು, ಅದರದ್ದನ್ನು ಇದು ಮುಚ್ಚಿತು. 1908ರಲ್ಲಿ ಶಲ್ ಇದನ್ನು ಜಗತ್ತಿಗೆ ತಿಳಿಸಿದರು. ಹೈಬ್ರಿಡ್ ಬೀಜದ ಗುಟ್ಟು ಇದೇ. ನಮ್ಮ ದೇಶದಲ್ಲಿ 1961ರಲ್ಲಿ ಗಂಗಾ, ರಣಜಿತ್, ಡೆಕ್ಕನ್ ಎಂಬ ಹೈಬ್ರಿಡ್ ಮುಸುಕಿನ ಜೋಳಗಳು ಬಂದವು.

ಈ ಹುರುಪು ಒಂದೇ ಬೆಳೆಗೆ. ಹೈಬ್ರಿಡ್ ಹೊಲದ ಗಿಡಗಳೆಲ್ಲ ಒಂದೇ ತಂದೆ ತಾಯಿಯ ಮಕ್ಕಳು. ಅವುಗಳ ಕಾಳನ್ನು ಬಿತ್ತಿದರೆ, ಅಣ್ಣ ತಂಗಿ ಕೂಡಿದ ಹಾಗೆ. ಹೆಚ್ಚಾಗಿ ಸಿಕ್ಕಿದ್ದ ಹುರುಪಿನಲ್ಲಿ ಸುಮಾರು ಅರ್ಧ ಮೊದಲ ಸಲವೇ ಹೋಗುತ್ತದೆ. ಬೀಜದ ದುಡ್ಡು ಉಳಿಯಿತು ಅಂದುಕೊಂಡವರು ಕಾಳಿನಲ್ಲಿ ಅದಕ್ಕಿಂತ ಹೆಚ್ಚು ಕಳೆದುಕೊಳ್ಳಬಹುದು.

ಎಲ್ಲಾ ಗಿಡ ಒಂದೇ ತರಹ ಇರುವುದರಲ್ಲೂ ಅಪಾಯ ಇದೆ. ಅಮೆರಿಕದಲ್ಲಿ ಕೂಲಿ ಉಳಿಸಲು ಹೈಬ್ರಿಡ್ ಬೀಜಕ್ಕೆ ಒಂದೇ ಜಾತಿಯ ತಾಯಿ ಗಿಡ ಬಳಸುತ್ತಿದ್ದರು. ಅದರ ಗಂಡು ಹೂವಿನಲ್ಲಿ ಪರಾಗ ಇರುತ್ತಿರಲಿಲ್ಲ. ಗಂಡು ಹೂ ಕಿತ್ತುಹಾಕುವ ಕೆಲಸ ತಪ್ಪಿತು. ಬಹುಪಾಲು ಹೊಲಗಳಲ್ಲಿ ಇದೇ ಬೀಜ. 1970ರಲ್ಲಿ ಎಲೆ ಒಣಗಿಸುವ ಒಂದು ಬೂಸ್ಟು ರೋಗ ಬಂತು. ಈ ಜಾತಿಗೆ ಅದನ್ನು ತಡೆಯುವ ಶಕ್ತಿ ಇರಲಿಲ್ಲ. ಇಡೀ ದೇಶದ ಬೆಳೆಯಲ್ಲಿ ನೂರಕ್ಕೆ ಸುಮಾರು 15 ಪಾಲು ಹೋಯಿತು.

ಪ್ರತಿ ವರ್ಷ ಬೀಜ ಕೊಳ್ಳಲು ಆಗದವರಿಗೆ ಕಾಂಪೋಸಿಟ್ ತಳಿ ಇದೆ. ಹಲವು ತಳಿ ಬೆರೆಸಿ ಮಾಡಿದ್ದು. ವಿಜಯ್, ಕಿಸಾನ್ ಎಂಬ ಇಂಥ ತಳಿಗಳು 1967ರಲ್ಲೇ ಬಂದಿದ್ದವು. ಇಳುವರಿ ಹೈಬ್ರಿಡ್‌ಗಿಂತ ಕಡಿಮೆ. ಆದರೆ ಕೆಲವು ವರ್ಷ ಮನೆ ಬೀಜ ನಡೆಯುತ್ತದೆ. ಅಲ್ಲೂ ಎಚ್ಚರ ಬೇಕು. ತುಂಬಾ ದೊಡ್ಡದು ಅಂತ ನಾಲ್ಕೈದು ತೆನೆಯಿಂದಲೇ ಬೀಜ ತೆಗೆಯಬೇಡಿ. ಹಾಗೆ ಮಾಡಿದರೆ ಮುಂದಿನ ಬೆಳೆಯಲ್ಲಿ ಮತ್ತೆ ಒಡಹುಟ್ಟಿದವೇ ಕೂಡುತ್ತವೆ. ಹೊಲದ ನಡುವಿನ ನೂರಾರು ಒಳ್ಳೆಯ ಗಿಡಗಳಿಂದ ತೆನೆ ಆರಿಸಿ. ಎಲ್ಲದರಿಂದಲೂ ಸಮನಾಗಿ ಕಾಳು ಬಿಡಿಸಿ ಬೆರೆಸಿ. ಅಂಚಿನ ಗಿಡ ಬೇಡ, ಪಕ್ಕದ ಹೊಲದ ಪರಾಗ ಅಲ್ಲಿಗೇ ಮೊದಲು ಬರುತ್ತದೆ.

ಚೀಲದಲ್ಲಿರುವುದು ಹೈಬ್ರಿಡ್ಡೋ ಅಲ್ಲವೋ, ಹೇಗೆ ತಿಳಿಯುವುದು? ಚೀಲದ ಚೀಟಿ ಓದಿ. ಬೆಳೆ, ತಳಿಯ ಹೆಸರು, ನೂರಕ್ಕೆ ಎಷ್ಟು ಮೊಳಕೆ, ಎಂದಿನವರೆಗೆ ಬಿತ್ತಬಹುದು, ಎಲ್ಲಾ ಅದರಲ್ಲಿ ಇರುತ್ತದೆ. ಸರ್ಕಾರ ದೃಢೀಕರಿಸಿದ ಬೀಜಕ್ಕೆ ನೀಲಿ ಚೀಟಿ. ಅಂಗಡಿಯವರನ್ನು ಕೇಳಿ, "ಸ್ವಾಮಿ, ಇದರ ಬೀಜ ಮುಂದಿನ ವರ್ಷ ಇಟ್ಕೋಬಹುದಾ?" ಬೆಳೆ ಕೈಗೆ ಬರುವವರೆಗೂ ಚೀಟಿ, ರಸೀದಿ ಎರಡನ್ನೂ ಜೋಪಾನವಾಗಿಡಿ.