ಅತಿಥಿ ಆಟಗಾರರೂ ಮನೆಯ ಮಕ್ಕಳೂ

ಕಾಲ್ಚೆಂಡಾಟದಲ್ಲಿ ಹನ್ನೊಂದು ಮಂದಿ ಆಡಿದರೂ ಪಂದ್ಯದ ಸೋಲು ಗೆಲುವುಗಳು ನಿರ್ಣಯವಾಗುವುದು ಗೋಲಿನಿಂದ. ಎದುರಾಳಿಯ ಗೋಲಿನ ಸಮೀಪದಲ್ಲಿದ್ದು, ದೊರೆತ ಅರೆಗಳಿಗೆಯಲ್ಲಿ ಚೆಂಡನ್ನು ಬಲೆಗೆ ಸೇರಿಸುವ ಹೊಣೆ ಹೊತ್ತವನನ್ನು ಸ್ಟ್ರೈಕರ್ ಎಂದು ಕರೆಯುವರು. ನಮ್ಮ ದೇಶದ ಲೀಗ್ ಪಂದ್ಯಗಳಲ್ಲಿ ಈ ಸ್ಥಾನವನ್ನು ಬಹುಮಟ್ಟಿಗೆ ವಿದೇಶೀಯರೇ ತುಂಬುತ್ತ ಬಂದಿದ್ದಾರೆ. ಇದರಿಂದ ನಮ್ಮ ಮಕ್ಕಳಿಗೆ ಆಗಿರುವ ಲಾಭವೇನು, ನಷ್ಟವೇನು ಎಂಬುದನ್ನು ಈ ಲೇಖನದಲ್ಲಿ ವಿಚಾರ ಮಾಡೋಣ.

ಮೊದಲು ಹಿಂದಿನ ಸಂಗತಿಯನ್ನು ನೆನೆಯುವುದು ಯುಕ್ತ. ನಮ್ಮ ತೆಪ್ಪಕಾಡನ್ನು ಹಾದು ಬಂಡೀಪುರದ ಮಾರ್ಗವಾಗಿ ಹೋಗುವ ರಸ್ತೆ ಮೈಸೂರನ್ನು ಸೇರುತ್ತದೆ. ಆ ಮೈಸೂರು ಸೀಮೆಯ ಆಟಗಾರರು ಒಂದು ಕಾಲಕ್ಕೆ ಭಾರತಕ್ಕೆಲ್ಲ ಮಾದರಿಯಾಗಿದ್ದರು. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡವು ಮುಂಬಯಿಯ ರೋವರ್ಸ್ ಕಪ್ಪನ್ನು ಗೆದ್ದಿತು. 1946–47ರಲ್ಲಿ ಮೈಸೂರು ತಂಡವು ಬಲಿಷ್ಠವಾದ ಬಂಗಾಳವನ್ನು ಸೋಲಿಸಿ ಸಂತೋಷ್ ಟ್ರೋಫಿಯನ್ನು ಪಡೆಯಿತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ನಮ್ಮವರು ಹೆಚ್ಚು ಮಂದಿ ಬರಿಗಾಲಿನಲ್ಲಿಯೇ ಫ್ರಾನ್ಸನ್ನು ಎದುರಿಸಿ 2–1ರಿಂದ ಸೋತರು. ಆ ದಿನ ಭಾರತದ ಏಕೈಕ ಗೋಲನ್ನು ಹೊಡೆದವರು ಮೈಸೂರಿನ ಪರವಾಗಿ ಆಡುತ್ತಿದ್ದ ಎಸ್. ರಾಮನ್. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಆಸ್ಟ್ರೇಲಿಯದ ಮೇಲೆ ನೆವಿಲ್ ಡಿಸೋಜ ಮೂರು ಗೋಲುಗಳನ್ನು ಹೊಡೆದರು. ಬೆಂಗಳೂರಿನ ಕೆಂಪಯ್ಯನವರೂ ಇದ್ದ ಆ ತಂಡ ನಾಲ್ಕನೆಯ ಸ್ಥಾನಕ್ಕೇರಿತು. ಗೋಲು ಹೊಡೆಯುವ ಗುಣ ನಮ್ಮ ಮಣ್ಣಿನಲ್ಲಿಲ್ಲವೆಂದು ಹೇಳುವವರಿಗೆ ಇಷ್ಟು ಉತ್ತರ ಸಾಕು.

ಇನ್ನು ವಿದೇಶೀಯರ ಆಗಮನ. 1980ರಲ್ಲಿ ಇರಾನಿನ ಮಜೀದ್ ಬಿಷ್ಕರ್, ಆ ಬಳಿಕ ನೈಜೀರಿಯದ ಚಿಮಾ ಒಕೋರಿ ಕಲ್ಕತ್ತೆಯ ಮೈದಾನಗಳಲ್ಲಿ ಜನಪ್ರಿಯರಾದರು. 1996ರಲ್ಲಿ ರಾಷ್ಟ್ರೀಯ ಲೀಗ್ ಪ್ರಾರಂಭವಾದಾಗ ಮೊದಲ ವರ್ಷ ಅತಿ ಹೆಚ್ಚು ಗೋಲು ಹೊಡೆದವರು ನಮ್ಮವರೇ ಆದ ಬೈಚುಂಗ್ ಭುಟಿಯಾ. ಅವರ ಗೋಲುಗಳು 14. ಆದರೆ ಕಾಲ ಬದಲಾಯಿತು. 2014ರಲ್ಲಿ ಇಂಡಿಯನ್ ಸೂಪರ್ ಲೀಗ್ ಆರಂಭವಾದಾಗ ಕಣದಲ್ಲಿರುವ ಹನ್ನೊಂದು ಮಂದಿಯಲ್ಲಿ ಆರು ಮಂದಿ ವಿದೇಶೀಯರಿರಲು ಅವಕಾಶವಿತ್ತು. 2017–18ರಲ್ಲಿ ಇದನ್ನು ಐದಕ್ಕೂ, 2021–22ರಲ್ಲಿ ನಾಲ್ಕಕ್ಕೂ ಇಳಿಸಿದರು. ಆದರೂ 2014ರಿಂದ 2024–25ರವರೆಗಿನ ಹನ್ನೊಂದು ಋತುಗಳಲ್ಲಿ ಅತಿ ಹೆಚ್ಚು ಗೋಲಿನ ಪ್ರಶಸ್ತಿಯು ಒಮ್ಮೆಯೂ ಭಾರತೀಯನ ಕೈಸೇರಲಿಲ್ಲ. ಬ್ರೆಜಿಲ್, ಕೊಲಂಬಿಯ, ಸ್ಪೇನ್, ಲಿಥುವೇನಿಯ, ನೈಜೀರಿಯ, ಗ್ರೀಸ್, ಮೊರಾಕೊ ಮುಂತಾದ ದೇಶದವರು ಅದನ್ನು ಹಂಚಿಕೊಂಡರು.

ಹೀಗಾಗಲು ಕಾರಣವು ಸರಳವಾದುದು. ತಂಡದ ಒಡೆಯನಿಗೆ ಗೆಲುವು ಈ ವಾರವೇ ಬೇಕು. ತರಬೇತುಗಾರನ ಕೆಲಸವು ಗೆಲುವನ್ನು ಅವಲಂಬಿಸಿದೆ. ಆದುದರಿಂದ ತನಗಿರುವ ನಾಲ್ಕೈದು ವಿದೇಶೀಯರಲ್ಲಿ ಒಬ್ಬನನ್ನು ಆತನು ಗೋಲಿನ ಮುಂದೆ ನಿಲ್ಲಿಸದೆ ಬಿಡನು. ವಿದೇಶೀಯರ ಸಂಖ್ಯೆ ಕಡಿಮೆಯಾದರೂ ಆ ಒಂದು ಸ್ಥಳ ತೆರವಾಗುವುದಿಲ್ಲ. ನಮ್ಮ ಹುಡುಗನು ಪಕ್ಕದಲ್ಲಿ ಓಡಿ ಚೆಂಡನ್ನು ಒದಗಿಸುವವನಾಗುವನು, ಇಲ್ಲವೇ ಬೆಂಚಿನ ಮೇಲೆ ಕುಳಿತು ನೋಡುವವನಾಗುವನು. ಈಜು ನೀರಿಗಿಳಿಯದೆ ಬಾರದು. ಗೋಲು ಹೊಡೆಯುವ ವಿದ್ಯೆಯೂ ಪಂದ್ಯವಾಡದೆ ಬಾರದು.

ಇದರ ಫಲ ದೇಶದ ತಂಡದಲ್ಲಿ ಕಂಡಿತು. 2024ರ ಜನವರಿಯಲ್ಲಿ ಕತಾರಿನಲ್ಲಿ ನಡೆದ ಏಷ್ಯಾ ಕಪ್ಪಿನಲ್ಲಿ ಭಾರತವು ಮೂರು ಪಂದ್ಯಗಳನ್ನಾಡಿ ಮೂರನ್ನೂ ಸೋತಿತು. ಒಂದು ಗೋಲನ್ನೂ ಹೊಡೆಯಲಿಲ್ಲ. ಬೆಂಗಳೂರು ಎಫ್.ಸಿ.ಯ ಸುನಿಲ್ ಛೇತ್ರಿಯವರು ಅದೇ ವರ್ಷದ ಜೂನ್‌ನಲ್ಲಿ ದೇಶದ ತಂಡದಿಂದ ನಿವೃತ್ತರಾದರು. ಅವರ ಸ್ಥಾನ ತುಂಬುವವರು ಕಾಣದೆ, 2025ರ ಮಾರ್ಚ್‌ನಲ್ಲಿ ಅವರನ್ನೇ ಮರಳಿ ಕರೆಯಬೇಕಾಯಿತು. ಆಗ ಅವರ ವಯಸ್ಸು 40! ಬಂದವರು ಮಾಲ್ದೀವ್ಸ್ ಮೇಲೆ ಗೋಲು ಹೊಡೆದರೆಂಬುದು ಅವರಿಗೆ ಕೀರ್ತಿ. ನಮಗೆ ಮಾತ್ರ ಅದು ಎಚ್ಚರಿಕೆ.

ಹಾಗಾದರೆ ಅತಿಥಿಗಳನ್ನು ಬಾರದಂತೆ ತಡೆಯಬೇಕೆ? ಅದು ಸರಿಯಾದ ದಾರಿಯಲ್ಲವೆಂದು ನಾವು ತಿಳಿಯುತ್ತೇವೆ. 1993ರಲ್ಲಿ ಜಪಾನ್ ದೇಶವು ತನ್ನ ವೃತ್ತಿಪರ ಲೀಗನ್ನು ತೆರೆದಾಗ ಮೊದಲ ವರ್ಷದ ಹೆಚ್ಚು ಗೋಲುಗಳು ಅರ್ಜೆಂಟೀನದ ರಾಮೋನ್ ಡಿಯಾಜ್ ಅವರವು. ಆದರೆ 1995ರಲ್ಲಿಯೇ ಮಸಾಹಿರೊ ಫುಕುಡ ಎಂಬ ಜಪಾನೀಯರು ಆ ಸ್ಥಾನವನ್ನು ಪಡೆದರು. 1998ರಲ್ಲಿ ಜಪಾನ್ ಮೊದಲ ಬಾರಿಗೆ ವಿಶ್ವಕಪ್ಪಿನಲ್ಲಿ ಆಡಿತು. ಅಲ್ಲಿ ಶಾಲೆಗಳ ನಡುವಿನ ಪಂದ್ಯಗಳು ಬಹುಕಾಲದಿಂದ ನಡೆಯುತ್ತಿದ್ದವು. ಅತಿಥಿಗಳಿಂದ ಕಲಿಯಲು ಸಿದ್ಧರಾದ ಮಕ್ಕಳು ಮೊದಲೇ ಇದ್ದರು.

ನಮ್ಮಲ್ಲಿಯೂ ಒಳ್ಳೆಯ ಉದಾಹರಣೆಯಿದೆ. ಶಿವಗಂಗೆ ಜಿಲ್ಲೆಯ ಯುವಕ ಶಿವಶಕ್ತಿ ನಾರಾಯಣನ್, ಬೆಂಗಳೂರು ಎಫ್.ಸಿ.ಯಲ್ಲಿ ಫಿಜಿಯ ರಾಯ್ ಕೃಷ್ಣ ಮತ್ತು ಛೇತ್ರಿಯವರ ಜೊತೆಯಲ್ಲಿ ಆಡಿ, 2022ರ ಡ್ಯುರಾಂಡ್ ಕಪ್ಪಿನ ಅಂತಿಮ ಪಂದ್ಯದಲ್ಲಿ ಗೋಲು ಹೊಡೆದರು. ಕಪ್ಪೂ ಬೆಂಗಳೂರಿಗೇ ಬಂದಿತು. ಹೆಣ್ಣುಮಕ್ಕಳಲ್ಲಿ ಮನೀಷಾ ಕಲ್ಯಾಣ್, ವಿದೇಶೀಯರೂ ಆಡುವ ಮಹಿಳಾ ಲೀಗಿನಲ್ಲಿ ಬೆಳೆದು, 2022ರಲ್ಲಿ ಸೈಪ್ರಸ್ಸಿನ ತಂಡವನ್ನು ಸೇರಿ ಯೂರೋಪಿನ ಮಹಿಳಾ ಚಾಂಪಿಯನ್ಸ್ ಲೀಗಿನಲ್ಲಿ ಆಡಿದರು.

ನಮ್ಮ ಊರಿನ ಆನೆ ಶಿಬಿರವನ್ನು ಕಂಡ ಮಕ್ಕಳಿಗೆ ಈ ತತ್ತ್ವವನ್ನು ಬಿಡಿಸಿ ಹೇಳಬೇಕಾದುದಿಲ್ಲ. ಕಾಡಿನಿಂದ ಹೊಸದಾಗಿ ಬಂದ ಆನೆಯನ್ನು ಪಳಗಿಸುವಾಗ ಪಳಗಿದ ಕುಮ್ಕಿಯ ನೆರವು ಪಡೆಯುತ್ತಾರೆ. ಕುಮ್ಕಿ ಪಕ್ಕದಲ್ಲಿ ನಿಂತು ದಾರಿ ತೋರುತ್ತದೆ. ಆದರೆ ಹೊಸ ಆನೆಯ ನಡೆಯನ್ನು ತಾನೇ ನಡೆಯಲಾರದು. ವಿದೇಶದ ಆಟಗಾರನೂ ಹಾಗೆಯೇ ಜೊತೆಗಾರನಾಗಿರಬೇಕು.

ಪೋಷಕರಲ್ಲಿ ನಮ್ಮ ವಿನಂತಿ ಇಷ್ಟೆ: ಸಂಜೆಯ ಒಂದು ಗಂಟೆಯ ಆಟವನ್ನು ಓದಿನ ವೈರಿಯೆಂದು ಎಣಿಸಬೇಡಿರಿ, ಗಂಡುಮಕ್ಕಳಂತೆ ಹೆಣ್ಣುಮಕ್ಕಳನ್ನೂ ಮೈದಾನಕ್ಕೆ ಕಳುಹಿಸಿರಿ. ವಿದ್ಯಾರ್ಥಿಗಳೇ, ಎರಡು ಕಾಲುಗಳಿಂದಲೂ ಚೆಂಡನ್ನು ಒದೆಯಲು ಕಲಿಯಿರಿ. ಗೋಲು ತಪ್ಪಿದವನನ್ನು ಹಾಸ್ಯಮಾಡದೆ ಮತ್ತೊಮ್ಮೆ ಅವನಿಗೇ ಚೆಂಡನ್ನು ಕೊಡಿರಿ. ದೇಶದ ಗೋಲುಗಳು ಮೊದಲು ಶಾಲೆಯ ಬಯಲಿನಲ್ಲಿ ಹುಟ್ಟಬೇಕು.