ಆಪ್ತಸಮಾಲೋಚನೆಯ ಪದವಿಗೆ ಕಾಲೇಜು ಹುಡುಕುವಾಗ ಕೇಳಬೇಕಾದ ಪ್ರಶ್ನೆ

ಸಂಪಗಾಂವ ಸೀಮೆಯ ಒಂದು ಪ್ರೌಢಶಾಲೆಯಲ್ಲಿ ನನ್ನ ಅಭ್ಯಾಸ ಬೋಧನೆ ನಡೆದಿತ್ತು. ಒಂದು ದಿನ ಪಾಠ ಮುಗಿದ ಮೇಲೆ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ನಕಾಶೆ ಸುತ್ತಿಡುವ ನೆಪದಲ್ಲಿ ನನ್ನ ಹತ್ತಿರ ನಿಂತಳು. "ಟೀಚರ್, ಯಾರ ಮುಂದೂ ಹೇಳಬ್ಯಾಡ್ರಿ" ಎಂದಳು. "ಇಲ್ಲವಾ, ಹೇಳೂದಿಲ್ಲ" ಎಂದುಬಿಟ್ಟೆ. ಅವಳ ಮನೆಯಲ್ಲಿ ಮದುವೆಯ ಮಾತು ನಡೆದಿತ್ತು. ಮುಖ್ಯೋಪಾಧ್ಯಾಯರಿಗೆ ತಿಳಿಸದೆ ಇರುವ ಹಾಗಿರಲಿಲ್ಲ, ತಿಳಿಸಿದೆ. ಅವರು ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿದರು, ಮದುವೆ ನಿಂತಿತು. ಆದರೆ ನಾನು ಶಾಲೆ ಬಿಡುವ ದಿನದವರೆಗೂ ಆ ಹುಡುಗಿ ನನ್ನತ್ತ ಮುಖವೆತ್ತಿ ನೋಡಲಿಲ್ಲ. ತಿಳಿಸಿದ್ದು ಸರಿ, ತಿಳಿಸುವುದಿಲ್ಲವೆಂದು ಮೊದಲೇ ಮಾತು ಕೊಟ್ಟದ್ದು ತಪ್ಪು ಎಂದು ಮೇಲ್ವಿಚಾರಕರು ನನ್ನ ದಿನಚರಿಯ ಅಂಚಿನಲ್ಲಿ ಬರೆದರು.

ಗೋಪ್ಯತೆಗೆ ಮಿತಿ ಇದೆ ಎಂಬುದನ್ನು ನಾನು ಪರೀಕ್ಷೆಯಲ್ಲಿ ಚೆನ್ನಾಗಿಯೇ ಬರೆದಿದ್ದೆ. ಮಗು ಎದುರಿಗೆ ನಿಂತಾಗ ಅದು ನೆನಪಿಗೆ ಬರಲಿಲ್ಲ. ಬಿ.ಇಡಿ. ನಂತರ ಸಮಾಲೋಚನೆಯನ್ನೇ ಓದಬೇಕೆಂದು ನಿರ್ಧರಿಸಿದ್ದು ಈ ಕಾರಣಕ್ಕೆ.

ಮನೆಯಲ್ಲಿ ಕುಳಿತೇ ಓದಬಹುದಲ್ಲ ಎಂದರು ಅಪ್ಪ. ಆ ದಾರಿ ಈಗ ಇಲ್ಲ. ಮನೋವಿಜ್ಞಾನವನ್ನು ದೂರಶಿಕ್ಷಣ ಮತ್ತು ಆನ್‌ಲೈನ್ ಕ್ರಮದಲ್ಲಿ ಕಲಿಸಬಾರದೆಂದು ಯುಜಿಸಿ 2025ರ ಜುಲೈ-ಆಗಸ್ಟ್ ಪ್ರವೇಶದಿಂದ ಸೂಚಿಸಿದೆ. ಇದು ನಮ್ಮಂಥ ಹಳ್ಳಿಯವರಿಗೆ ತೊಂದರೆಯೇ. ಆದರೂ ನನ್ನ ಅನುಭವದ ನಂತರ ಅದನ್ನು ತಪ್ಪೆನ್ನಲಾರೆ. ಇನ್ನೊಂದು ಗೊಂದಲವೂ ಇದೆ. ಎಂ.ಎ. ಮುಗಿಸಿದರೆ ಚಿಕಿತ್ಸಾ ಮನೋವಿಜ್ಞಾನಿ ಆಗುತ್ತೇವೆಂದು ಹಲವರು ತಿಳಿದಿದ್ದಾರೆ. ಹಾಗಲ್ಲ. ಅದಕ್ಕೆ 1992ರ ಕಾಯಿದೆಯಡಿ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಬೇಕು, ಅದರ ಓದೇ ಬೇರೆ. ಶಾಲೆಯಲ್ಲಿ ಕೆಲಸ ಮಾಡಬಯಸುವವರು ಈ ಎರಡನ್ನೂ ಬೆರೆಸಬಾರದು.

ಎನ್‌ಸಿಇಆರ್‌ಟಿಯು ಶಿಕ್ಷಕರಿಗೆಂದು ರೂಪಿಸಿದ ಮಾರ್ಗದರ್ಶನ-ಸಮಾಲೋಚನೆಯ ಡಿಪ್ಲೊಮಾದ ರಚನೆ ನನಗೆ ಅಳತೆಗೋಲಾಯಿತು. ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯೂ ಅದರ ಕೇಂದ್ರ. ಆರು ತಿಂಗಳು ಸ್ವಂತ ಓದು, ಮೂರು ತಿಂಗಳು ಎದುರುಬದುರು ತರಬೇತಿ, ಕೊನೆಯ ಮೂರು ತಿಂಗಳು ತನ್ನ ಊರಿನಲ್ಲೇ ಪ್ರಯೋಗ. ಅದು ಪದವಿಯಲ್ಲ ನಿಜ. ಆದರೆ ಪದವಿಯ ಕಾಲೇಜಿಗೂ ಕೇಳಬೇಕಾದ ಪ್ರಶ್ನೆ ಅಲ್ಲಿಯೇ ಇದೆ: ವಿದ್ಯಾರ್ಥಿ ನಿಜವಾದ ಮಕ್ಕಳೊಂದಿಗೆ ಎಷ್ಟು ತಾಸು ಕೂರುತ್ತಾನೆ, ಆಮೇಲೆ ಅವನ ತಪ್ಪನ್ನು ಯಾರು ಕೂತು ಕೇಳುತ್ತಾರೆ?

ಫೋನಿನಲ್ಲಿ ಒಂದು ಕಡೆ ಇದನ್ನೇ ಕೇಳಿದೆ. "ಸರ್ಟಿಫಿಕೇಟ್ ಸಿಗತದರಿ, ಚಿಂತಿ ಮಾಡಬ್ಯಾಡ್ರಿ" ಎಂದರು. ಆ ಹೆಸರನ್ನು ಪಟ್ಟಿಯಿಂದ ಹೊಡೆದೆ.

ಬೆಂಗಳೂರೋ ಧಾರವಾಡವೋ ಎಂಬುದು ಉಳಿಯಿತು. ಬೆಂಗಳೂರಿನಲ್ಲಿ ಸಮಾಲೋಚನೆಗೆಂದೇ ಇರುವ ಸ್ನಾತಕೋತ್ತರ ಪದವಿಗಳಿವೆ, ಖರ್ಚೂ ಇದೆ. ಧಾರವಾಡದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಮನೋವಿಜ್ಞಾನ ವಿಭಾಗವಿದೆ, ಅದೇ ಊರಿನಲ್ಲಿ ಡಿಮ್ಹಾನ್ಸ್ ಆಸ್ಪತ್ರೆಯೂ ಇದೆ. ಪದವಿಯಲ್ಲಿ ನನ್ನ ವಿಷಯ ಇತಿಹಾಸ, ಆದ್ದರಿಂದ ಅರ್ಹತೆಯ ನಿಯಮವನ್ನು ಮೊದಲು ನೋಡಬೇಕು. ಮನಸ್ಸು ಧಾರವಾಡದತ್ತ ವಾಲುವುದು ಭಾಷೆಗಾಗಿ. ನಮ್ಮ ಕಡೆಯ ಮಗು "ಜೀವಾ ಬ್ಯಾಸರಾಗೇತ್ರಿ" ಎಂದರೆ ಅದು ಬರೀ ದಣಿವಿರಬಹುದು, ಸಾಯುವ ಯೋಚನೆಯೂ ಇರಬಹುದು. ಎರಡರ ನಡುವಿನ ವ್ಯತ್ಯಾಸ ತಿಳಿದು, ಮುಂದಿನ ಪ್ರಶ್ನೆ ಕೇಳುವುದನ್ನು ಇದೇ ಮಾತಿನಲ್ಲಿ ಕಲಿಸುವವರು ನನಗೆ ಬೇಕು.

ಬರುವ ಸೋಮವಾರ ಬೈಲಹೊಂಗಲದಿಂದ ಬೆಳಗಿನ ಬಸ್ಸಿಗೆ ಹೊರಡುತ್ತಿದ್ದೇನೆ. ಅಲ್ಲಿ ಓದುತ್ತಿರುವವರನ್ನು ಕಂಡು, ಹೋದ ತಿಂಗಳು ಎಷ್ಟು ಮಕ್ಕಳ ಮಾತು ಕೇಳಿದಿರಿ ಎಂದು ವಿಚಾರಿಸುವುದಿದೆ.